ಕಂಪ್ಯೂಟರ್ ಇದ್ರೂ ಸಕ್ಕರೆ ಕಾರ್ಖಾನೆ ಯಾಕೆ ನಿಲ್ಲುತ್ತೆ? ಕಂಟ್ರೋಲ್ ರೂಮಿನ 'ಯಾರು ಯಾರನ್ನ ನೋಡ್ಕೋಬೇಕು' ಅನ್ನೋ ಲೆಕ್ಕ ಇಲ್ಲಿದೆ

ಕಳೆದ ಹಂಗಾಮಿನ ಒಂದು ರಾತ್ರಿ. ಕಾರ್ಖಾನೆ ಗೇಟಿಂದ ಪೆಟ್ರೋಲ್ ಬಂಕ್ ದಾಟಿ, ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ನಿಂತಿತ್ತು. ಚಿಮಣಿಯಲ್ಲಿ ಹೊಗೆ ಇಲ್ಲ. ಡ್ರೈವರ್‌ಗಳು ಟ್ರಾಲಿ ಕೆಳಗೆ ಗೋಣಿಚೀಲ ಹಾಸ್ಕೊಂಡು ಮಲಗಿದ್ರು. ವರದಿಗೆ ಅಂತ ಹೋಗಿದ್ದ ನನಗೆ ಗೇಟಿನವರು ಹೇಳಿದ್ದು ಎರಡೇ ಪದ: "ಬಾಯ್ಲರ್ ಟ್ರಿಪ್." ನಾನು ಅದನ್ನೇ ನಾಲ್ಕು ಸಾಲಿನ ಸುದ್ದಿ ಮಾಡಿ ಹಾಕಿದೆ.

ಮರುದಿನ ಟೀ ಅಂಗಡಿಯವರು ಕೇಳಿದ್ರು: ಈಗೆಲ್ಲಾ ಕಂಪ್ಯೂಟರೇ ನಡೆಸುತ್ತಂತಲ್ಲ, ಮತ್ಯಾಕೆ ನಿಲ್ಲುತ್ತೆ? ನನಗೆ ಉತ್ತರ ಗೊತ್ತಿರಲಿಲ್ಲ. ಬಿಎಸ್ಸಿ ಅರ್ಧಕ್ಕೇ ಬಿಟ್ಟವನು ನಾನು. ಆದ್ರೆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳೀತು. ಅಲ್ಲಿಂದ ಈಚೆಗೆ ಓದಿದ್ದು, ಈ ಕೆಲಸ ಮಾಡೋರ ಹತ್ರ ಕೂತು ಕೇಳಿದ್ದು ಎರಡನ್ನೂ ಸೇರಿಸಿ ಈ ಲೇಖನ ಬರೀತಿದ್ದೀನಿ.

ಒಂದೇ ಸಾಲಲ್ಲಿ ಉತ್ತರ ಬೇಕು ಅಂದ್ರೆ ಇದು: ಕಂಪ್ಯೂಟರ್ ಎಷ್ಟು ದುಬಾರಿ ಅನ್ನೋದಕ್ಕಿಂತ, ಯಾವ ಮೀಟರ್ ನೋಡಿ ಯಾವ ವಾಲ್ವ್ ತಿರುಗಿಸಬೇಕು ಅಂತ ಯಾರಾದ್ರೂ ಸರಿಯಾಗಿ ಯೋಚನೆ ಮಾಡಿದ್ದಾರಾ ಅನ್ನೋದೇ ಮುಖ್ಯ. ಎಂಜಿನಿಯರ್‌ಗಳು ಇದನ್ನ ನಿಯಂತ್ರಣ ರಚನೆ ಅಂತಾರೆ. ಹೆಸರು ದೊಡ್ಡದು, ವಿಷಯ ನಮಗೆ ಗೊತ್ತಿರೋದೇ.

ಕಾರ್ಖಾನೆ ಅಂದ್ರೆ ಒಂದು ಸುತ್ತು

ಮೊದಲು ಒಳಗೆ ಏನಾಗುತ್ತೆ ನೋಡೋಣ. ಕಬ್ಬು ಕ್ಯಾರಿಯರ್ ಮೇಲೆ ಹೋಗಿ ಗಾಣಕ್ಕೆ ಬೀಳುತ್ತೆ. ಹಾಲು ಒಂದು ಕಡೆ, ಸಿಪ್ಪೆ ಒಂದು ಕಡೆ. ಹಾಲನ್ನ ಬಿಸಿ ಮಾಡಿ, ಸುಣ್ಣ ಮತ್ತು ಗಂಧಕದ ಹೊಗೆ ಕೊಟ್ಟು, ಕೊಳೆ ತಳಕ್ಕೆ ಇಳಿಸ್ತಾರೆ. ತಿಳಿಯಾದ ಹಾಲನ್ನ ಒಂದರ ಹಿಂದೆ ಒಂದು ಜೋಡಿಸಿದ ಆವಿಯ ಪಾತ್ರೆಗಳಲ್ಲಿ ಕುದಿಸಿ ಪಾಕ ಮಾಡ್ತಾರೆ. ಕೊನೆಗೆ ಪ್ಯಾನ್‌ನಲ್ಲಿ ಹರಳು ಕಟ್ಟಿಸಿ, ಗಿರಗಿರ ತಿರುಗೋ ಯಂತ್ರದಲ್ಲಿ ಸಕ್ಕರೆ ಬೇರೆ, ಕಾಕಂಬಿ ಬೇರೆ ಮಾಡ್ತಾರೆ.

ಇನ್ನು ಸಿಪ್ಪೆ. 100 ಟನ್ ಕಬ್ಬಿಗೆ ಸುಮಾರು 28ರಿಂದ 30 ಟನ್ ಸಿಪ್ಪೆ ಬರುತ್ತೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅದನ್ನೇ ಬಾಯ್ಲರ್‌ಗೆ ಹಾಕಿ ಉರಿಸ್ತಾರೆ. ಆ ಹಬೆಯಿಂದ ಟರ್ಬೈನ್ ತಿರುಗಿ ಕರೆಂಟ್ ಬರುತ್ತೆ, ಆ ಕರೆಂಟಲ್ಲೇ ಗಾಣ ತಿರುಗುತ್ತೆ. ಟರ್ಬೈನ್‌ನಿಂದ ಹೊರಗೆ ಬಂದ ಹಬೆ ಹಾಲು ಕುದಿಸೋಕೆ ಹೋಗುತ್ತೆ.

ಅಂದ್ರೆ ಗಾಣ ಇಲ್ಲದೆ ಸಿಪ್ಪೆ ಇಲ್ಲ, ಸಿಪ್ಪೆ ಇಲ್ಲದೆ ಹಬೆ ಇಲ್ಲ, ಹಬೆ ಇಲ್ಲದೆ ಗಾಣ ಇಲ್ಲ. ಹಾವು ತನ್ನ ಬಾಲ ತಾನೇ ಕಚ್ಚಿಕೊಂಡಂಗೆ. ಒಂದು ಕಡೆ ಎಡವಿದ್ರೆ ಸುತ್ತೆಲ್ಲಾ ಎಡವುತ್ತೆ. ಬಾಯ್ಲರ್ ನಿಂತ್ರೆ ಕಬ್ಬಿನ ಗಾಡಿ ನಿಲ್ಲೋದು ಇದಕ್ಕೇ.

ನಮ್ಮನೆ ಟ್ಯಾಂಕೇ ಮೊದಲ ಪಾಠ

ಮನೆ ಮೇಲಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಇರುತ್ತಲ್ಲ, ನೀರು ಏರಿದ್ರೆ ಮುಚ್ಚುತ್ತೆ, ಇಳಿದ್ರೆ ತೆರೆಯುತ್ತೆ. ನೋಡೋದು, ತೀರ್ಮಾನ ಮಾಡೋದು, ತಿರುಗಿಸೋದು. ಈ ಮೂರು ಸೇರಿದ್ರೆ ಒಂದು ಲೂಪ್. ಕಾರ್ಖಾನೆಯಲ್ಲಿ ಇಂಥವು ಹತ್ತಾರು, ದೊಡ್ಡ ಕಾರ್ಖಾನೆ ಆದ್ರೆ ನೂರಾರು.

ತೀರ್ಮಾನ ಮಾಡೋ ಭಾಗಕ್ಕೆ ಪಿಐಡಿ ಅಂತ ಹೆಸರು. ಅದು ಮೂರು ವಿಷಯ ನೋಡುತ್ತೆ: ಈಗ ಎಷ್ಟು ತಪ್ಪಿದೆ, ಇಲ್ಲಿವರೆಗೆ ಎಷ್ಟು ತಪ್ಪು ಸೇರಿಕೊಂಡಿದೆ, ತಪ್ಪು ಯಾವ ವೇಗದಲ್ಲಿ ಬದಲಾಗ್ತಿದೆ. ಇದನ್ನ ಹೇಗೆ ಹದಕ್ಕೆ ತರಬೇಕು ಅಂತ ಜೀಗ್ಲರ್ ಮತ್ತು ನಿಕೋಲ್ಸ್ ಅನ್ನೋರು 1942ರಲ್ಲೇ ಬರೆದಿಟ್ಟಿದ್ದಾರೆ. ಇವತ್ತಿಗೂ ಜಗತ್ತಿನ ಬಹುಪಾಲು ಲೂಪ್‌ಗಳು ಪಿಐಡಿ ಮೇಲೇ ನಡೀತಿವೆ.

ಒಂದೊಂದು ಲೂಪ್ ಸುಲಭ. ನೂರು ಲೂಪ್ ಒಟ್ಟಿಗೆ ಸಂಸಾರ ಮಾಡಬೇಕಾದಾಗ ತಕರಾರು ಶುರು.

ಸುಳ್ಳು ಹೇಳೋ ನೀರು

ಬಾಯ್ಲರ್ ಮೇಲೆ ಡ್ರಮ್ ಅಂತ ಇರುತ್ತೆ. ಅದರೊಳಗೆ ಅರ್ಧ ನೀರು, ಅರ್ಧ ಹಬೆ. ನೀರು ಜಾಸ್ತಿ ಆದ್ರೆ ಹಬೆ ಜೊತೆ ನೀರೂ ಹೋಗಿ ಟರ್ಬೈನ್ ಹಾಳಾಗುತ್ತೆ. ಕಡಿಮೆ ಆದ್ರೆ ಕೊಳವೆ ಒಣಗಿ ಸುಟ್ಟು ಒಡೆಯುತ್ತೆ. ಹಾಗಾಗಿ ಮಟ್ಟ ನಡುವೆಯೇ ಇರಬೇಕು. ಮನೆ ಟ್ಯಾಂಕಿನಂಗೆ ಒಂದು ಲೂಪ್ ಹಾಕಿದ್ರೆ ಸಾಕಲ್ವಾ?

ಸಾಕಾಗಲ್ಲ. ಗಾಣಕ್ಕೆ ಏಕಾಏಕಿ ಜಾಸ್ತಿ ಕಬ್ಬು ಬಿತ್ತು ಅಂದ್ಕೊಳ್ಳಿ. ಹಬೆ ಜಾಸ್ತಿ ಎಳೆಯುತ್ತೆ. ಡ್ರಮ್‌ನಲ್ಲಿ ಒತ್ತಡ ಇಳಿಯುತ್ತೆ. ಒತ್ತಡ ಇಳಿದ ಕೂಡಲೇ ನೀರೊಳಗಿನ ಹಬೆಗುಳ್ಳೆಗಳು ಉಬ್ಬುತ್ವೆ. ಉಕ್ಕೋ ಹಾಲು ನೋಡಿದ್ದೀರಲ್ಲ, ಹಾಲು ಜಾಸ್ತಿ ಆಗಿರಲ್ಲ, ಆದ್ರೂ ಮೇಲೆ ಬರುತ್ತೆ. ಹಂಗೇ ಇಲ್ಲೂ ಮಟ್ಟ ಏರಿದಂಗೆ ಕಾಣುತ್ತೆ. ನಿಜವಾಗಿ ನೀರು ಕಡಿಮೆ ಆಗ್ತಿದೆ, ಮೀಟರ್ ಮಾತ್ರ ಜಾಸ್ತಿ ಅಂತ ಹೇಳ್ತಿದೆ.

ಒಂಟಿ ಲೂಪ್ ಈ ಸುಳ್ಳು ನಂಬಿ ನೀರಿನ ವಾಲ್ವ್ ಮುಚ್ಚುತ್ತೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಇಳಿದಾಗ ನಿಜ ಬಯಲಾಗುತ್ತೆ. ಮಟ್ಟ ಧಡ್ ಅಂತ ಕೆಳಗೆ. ಕೊನೆಗೆ ಸುರಕ್ಷತಾ ವ್ಯವಸ್ಥೆ ಬೆಂಕಿ ನಿಲ್ಲಿಸುತ್ತೆ. ಇದೂ ಒಂದು ಥರದ "ಬಾಯ್ಲರ್ ಟ್ರಿಪ್". ಯಾವ ಯಂತ್ರವೂ ಕೆಟ್ಟಿರಲ್ಲ, ಯಾರೂ ನಿದ್ದೆ ಮಾಡಿರಲ್ಲ.

ಇದಕ್ಕೆ ಮದ್ದು ಹಳೇದೇ: ಮೂರು ಅಂಶದ ನಿಯಂತ್ರಣ. ಮಟ್ಟ ಒಂದನ್ನೇ ನಂಬದೆ, ಎಷ್ಟು ಹಬೆ ಹೊರಗೆ ಹೋಗ್ತಿದೆ ಅಂತ ಅಳೆದು, ಅಷ್ಟೇ ನೀರು ಒಳಗೆ ಬಿಡೋದು. ಹೋಗೋ ನೀರನ್ನೂ ಅಳೆಯೋದು. ಮಟ್ಟದ ಮೀಟರ್ ನಿಧಾನಕ್ಕೆ ಉಳಿದ ತಪ್ಪು ತಿದ್ದುತ್ತೆ. ಅಂಗಡಿಯವರಿಗೆ ಇದು ಹೊಸದಲ್ಲ. ಹಬ್ಬದ ದಿನ ಗಿರಾಕಿ ನುಗ್ಗಿದಾಗ ಗೋಡೌನ್ ಖಾಲಿ ಆಗೋವರೆಗೆ ಯಾರೂ ಕಾಯಲ್ಲ. ಕೌಂಟರ್ ಮೇಲಿನ ವ್ಯಾಪಾರ ನೋಡೇ ಆರ್ಡರ್ ಹಾಕ್ತೀವಿ, ರಾತ್ರಿ ಸ್ಟಾಕ್ ಎಣಿಸಿ ಲೆಕ್ಕ ತಿದ್ದುತೀವಿ.

ಇಲ್ಲೂ ಒಂದು ಸೂಕ್ಷ್ಮ ಇದೆ. ಬಾಯ್ಲರ್ ಹೊಸದಾಗಿ ಹಚ್ಚಿದಾಗ ಹಬೆ ಕಮ್ಮಿ ಇರುತ್ತೆ, ಆಗ ಹರಿವಿನ ಮೀಟರ್‌ಗಳ ಲೆಕ್ಕ ನಂಬೋ ಹಾಗಿರಲ್ಲ. ಅದಕ್ಕೇ ಮೊದಲು ಒಂದೇ ಅಂಶದಲ್ಲಿ ನಡೆಸಿ, ಲೋಡ್ ಬಂದ ಮೇಲೆ ಮೂರಕ್ಕೆ ಬದಲಾಯಿಸ್ತಾರೆ. ಬದಲಾಯಿಸೋದು ಮರೆತ್ರೆ ದುಡ್ಡು ಕೊಟ್ಟು ಹಾಕಿದ ವ್ಯವಸ್ಥೆ ಇದ್ದೂ ಇಲ್ಲದಂಗೆ.

ಬಿಸಿನೀರಿಗೆ ಯಾವ ನಲ್ಲಿ?

ಇನ್ನೊಂದು ಸಮಸ್ಯೆ ಬಚ್ಚಲುಮನೆಯಲ್ಲೇ ಇದೆ. ಬಿಸಿನೀರಿನ ನಲ್ಲಿ ಒಂದು, ತಣ್ಣೀರಿನ ನಲ್ಲಿ ಒಂದು. ನಮಗೆ ಬೇಕಾಗಿರೋದೂ ಎರಡು: ಬಕೆಟ್ ಬೇಗ ತುಂಬಬೇಕು, ನೀರು ಹದವಾಗಿರಬೇಕು. ಇಬ್ಬರು ನಿಂತು ಒಬ್ಬ ಹರಿವು ನೋಡ್ಕೊಂಡು, ಒಬ್ಬ ಬಿಸಿ ನೋಡ್ಕೊಂಡು ಒಂದೊಂದು ನಲ್ಲಿ ತಿರುಗಿಸಬೇಕು ಅಂದ್ರೆ ಯಾರಿಗೆ ಯಾವ ನಲ್ಲಿ ಕೊಡ್ತೀರಿ?

ತಪ್ಪಾಗಿ ಹಂಚಿದ್ರೆ ಜಗಳ. ಒಬ್ಬ ತಿರುಗಿಸಿದ್ದನ್ನ ಇನ್ನೊಬ್ಬ ಕೆಡಿಸ್ತಾ ಇರ್ತಾನೆ. 1966ರಲ್ಲಿ ಎಡ್ಗರ್ ಬ್ರಿಸ್ಟಲ್ ಅನ್ನೋ ಎಂಜಿನಿಯರ್ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಉಳಿದ ಲೂಪ್‌ಗಳೆಲ್ಲಾ ಸುಮ್ಮನಿದ್ದಾಗ ನನ್ನ ನಲ್ಲಿಗೆ ಎಷ್ಟು ಬಲ, ಉಳಿದವು ತಮ್ಮ ಕೆಲಸ ಮಾಡ್ತಿರುವಾಗ ಎಷ್ಟು ಬಲ, ಎರಡರ ಅನುಪಾತ ತಗೊಳ್ಳಿ. ಉತ್ತರ 1ಕ್ಕೆ ಹತ್ತಿರ ಇದ್ರೆ ಆ ಜೋಡಿ ಒಳ್ಳೇದು. ಸೊನ್ನೆಗಿಂತ ಕೆಳಗೆ ಬಂದ್ರೆ ಆ ಸಂಬಂಧವೇ ಬೇಡ.

ನಮ್ಮ ಬಕೆಟ್‌ಗೆ ಹಾಕಿ ನೋಡಿ. ತಣ್ಣೀರು 80 ಪಾಲು, ಬಿಸಿನೀರು 20 ಪಾಲು ಬೀಳ್ತಿದ್ರೆ, ಹರಿವಿಗೆ ತಣ್ಣೀರಿನ ನಲ್ಲಿ ಕೊಟ್ರೆ 0.8, ಬಿಸಿನೀರಿನ ನಲ್ಲಿ ಕೊಟ್ರೆ 0.2. ಹಾಗಾಗಿ ದೊಡ್ಡ ನಲ್ಲಿಗೆ ಹರಿವಿನ ಕೆಲಸ, ಚಿಕ್ಕ ನಲ್ಲಿಗೆ ಹದದ ಕೆಲಸ. ಬೇಸಿಗೆಯಲ್ಲಿ ಸೋಲಾರ್ ನೀರು ಬರೀ ಬೆಚ್ಚಗಿದ್ದು ಅದನ್ನೇ 80 ಪಾಲು ಬಿಡೋ ಹಾಗಾದ್ರೆ ಜೋಡಿಯೂ ತಿರುಗಾ ಮುರುಗಾ ಆಗುತ್ತೆ. ಒಂದು ಸಲ ಹಾಕಿದ ರಚನೆ ಎಲ್ಲಾ ಕಾಲಕ್ಕೂ ಸರಿ ಇರಲ್ಲ ಅನ್ನೋದು ಇಲ್ಲಿಂದ ಗೊತ್ತಾಗುತ್ತೆ.

ನೀರುಗಂಟಿ ಪ್ರಶ್ನೆ: ತೂಬು ಎಲ್ಲಿ?

ಈಗ ಎಲ್ಲಕ್ಕಿಂತ ದೊಡ್ಡ ತೀರ್ಮಾನ. ಇಡೀ ಕಾರ್ಖಾನೆಯ ವೇಗವನ್ನ ಎಲ್ಲಿಂದ ನಿರ್ಧರಿಸಬೇಕು?

ನಾಲೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೇಲಿನ ತೂಬು ಇಷ್ಟೇ ಅಂತ ತೆರೆದಿಟ್ರೆ, ದಾರಿಯಲ್ಲಿ ಏನೇ ಹೆಚ್ಚುಕಮ್ಮಿ ಆದ್ರೂ ಅದನ್ನ ಅನುಭವಿಸೋದು ಕೊನೆಭಾಗದ ರೈತರು. ಒಂದೋ ಬರ, ಇಲ್ಲಾ ಹಳ್ಳಕ್ಕೆ ಹರಿದು ಹೋಗೋ ನೀರು. ನೀರುಗಂಟಿ ಕೆಳಗಿಂದ ಮೇಲಕ್ಕೆ ಸುದ್ದಿ ತರದಿದ್ರೆ ಮೇಲಿನವನಿಗೆ ಗೊತ್ತೇ ಆಗಲ್ಲ.

ಕಾರ್ಖಾನೆಯಲ್ಲೂ ಕಬ್ಬಿನ ಕ್ಯಾರಿಯರ್ ವೇಗವೇ ತೂಬು ಅಂತ ಇಟ್ಕೊಂಡ್ರೆ, ಅದರ ಮುಂದಿನ ಪ್ರತಿ ಟ್ಯಾಂಕೂ ಬಂದಷ್ಟನ್ನ ಮುಂದಕ್ಕೆ ತಳ್ಳಬೇಕು. ಆದ್ರೆ ಆವಿಯ ಪಾತ್ರೆಗಳ ಕೊಳವೆ ಒಳಗೆ ದಿನಾ ದಿನಾ ಗಸಿ ಕಟ್ಟುತ್ತೆ. ಕ್ಲೀನ್ ಮಾಡೋ ದಿನ ಹತ್ತಿರ ಬಂದಂಗೆ ಅವುಗಳ ಶಕ್ತಿ ಕುಗ್ಗುತ್ತೆ. ಮುಂದೆ ತಳ್ಳೋಕೆ ಆಗದ ಹಾಲು ಟ್ಯಾಂಕಲ್ಲಿ ಏರುತ್ತೆ, ಉಕ್ಕುತ್ತೆ, ಮೋರಿ ಸೇರುತ್ತೆ. ಉಕ್ಕಿದ ಹಾಲು ಸಂಸ್ಕರಣಾ ಘಟಕಕ್ಕೆ ಭಾರ, ಅಲ್ಲಿ ತಡೆಯದಿದ್ರೆ ಹಳ್ಳದ ನೀರಿಗೆ ವಾಸನೆ. ಹಾಲನ್ನ ಇಟ್ಕೊಂಡು ಕಾಯೋಣ ಅಂದ್ರೂ ಆಗಲ್ಲ, ಹೊತ್ತು ಕಳೆದಂಗೆ ಸಕ್ಕರೆ ಅಂಶ ಒಡೆದು ಹೋಗುತ್ತೆ.

ಇದಕ್ಕೆ ಅಮೆರಿಕದ ಡುಪಾಂಟ್ ಕಂಪನಿಯ ಪೇಜ್ ಬಕ್ಲಿ 1964ರಲ್ಲೇ ಪುಸ್ತಕದಲ್ಲಿ ದಾರಿ ತೋರಿಸಿದ್ರು. ಮೊದಲು ಸರಕಿನ ಹರಿವಿನ ಲೆಕ್ಕ ಕೂರಿಸಿ, ಆಮೇಲೆ ಗುಣಮಟ್ಟದ ಲೂಪ್ ಹಾಕಿ ಅಂತ. ಅವರ ನಂತರದವರು ಸೇರಿಸಿದ ನಿಯಮ: ವೇಗ ಎಲ್ಲಿ ನಿರ್ಧಾರ ಆಗುತ್ತೋ ಅದರ ಮುಂದಿನ ಟ್ಯಾಂಕ್‌ಗಳ ಮಟ್ಟವನ್ನ ಹೊರಗೆ ಹೋಗೋ ವಾಲ್ವ್‌ನಿಂದ, ಹಿಂದಿನ ಟ್ಯಾಂಕ್‌ಗಳ ಮಟ್ಟವನ್ನ ಒಳಗೆ ಬರೋ ವಾಲ್ವ್‌ನಿಂದ ಹಿಡಿಯಬೇಕು. ಆ ವೇಗದ ಜಾಗ ಎಲ್ಲಿ ಇಕ್ಕಟ್ಟಿದೆಯೋ ಅಲ್ಲೇ ಇದ್ರೆ ಒಳ್ಳೇದು.

ಆಗದಿದ್ರೆ ಕನಿಷ್ಠ ಒಂದು ನೀರುಗಂಟಿ ಬೇಕು. ಹಾಲಿನ ಟ್ಯಾಂಕ್ ಇಷ್ಟು ಮಟ್ಟ ದಾಟಿದ್ರೆ ಕ್ಯಾರಿಯರ್ ತಾನಾಗೇ ನಿಧಾನ ಆಗಬೇಕು. ಫೋನ್ ಮಾಡಿ "ಅಣ್ಣಾ, ಕಬ್ಬು ಕಮ್ಮಿ ಮಾಡು" ಅನ್ನೋ ಹೊತ್ತಿಗೆ ಹಾಲು ಮೋರಿಯಲ್ಲಿರುತ್ತೆ.

ಇಲ್ಲೇ ಇನ್ನೊಂದು ಸಾಮಾನ್ಯ ತಪ್ಪು. ನಡುವಿನ ಟ್ಯಾಂಕಿನ ಮಟ್ಟವನ್ನ ಗೆರೆ ಎಳೆದಂಗೆ 50ರಲ್ಲೇ ನಿಲ್ಲಿಸಬೇಕು ಅಂತ ಬಿಗಿ ಮಾಡ್ತಾರೆ. ಆದ್ರೆ ಆ ಟ್ಯಾಂಕ್ ಇರೋದೇ ಏರಿಳಿತ ನುಂಗೋಕೆ. ಒಂದು ಕೆಜಿ ಅಕ್ಕಿ ಮಾರಿದ ಕೂಡಲೇ ಒಂದು ಕೆಜಿ ತರಿಸೋನಿಗೆ ಗೋಡೌನ್ ಯಾಕೆ? ಮಟ್ಟ ಸ್ವಲ್ಪ ಆಡಲಿ, ಮುಂದೆ ಹೋಗೋ ಹರಿವು ಸಮನಾಗಿರಲಿ.

ಸುಣ್ಣದ ಹದ

ಕಬ್ಬಿನ ಹಾಲು ಸ್ವಲ್ಪ ಹುಳಿ. ಪಿಎಚ್ ಲೆಕ್ಕದಲ್ಲಿ 5ಕ್ಕಿಂತ ಸ್ವಲ್ಪ ಮೇಲೆ. ಅದನ್ನ 7ರ ಹತ್ತಿರಕ್ಕೆ ತರಬೇಕು. ಸುಣ್ಣ ಕಮ್ಮಿ ಆದ್ರೆ ಸಕ್ಕರೆ ಒಡೆಯುತ್ತೆ, ಜಾಸ್ತಿ ಆದ್ರೆ ಬಣ್ಣ ಕೆಡುತ್ತೆ, ಗಸಿಯೂ ಹೆಚ್ಚುತ್ತೆ.

ಪಿಎಚ್ ಮೀಟರ್ ದೂರದಲ್ಲಿ ಇಟ್ಟು, ಅದೊಂದನ್ನೇ ನೋಡಿ ಸುಣ್ಣ ಹಾಕಿದ್ರೆ, ತಪ್ಪು ಗೊತ್ತಾಗೋ ಹೊತ್ತಿಗೆ ತಪ್ಪಾದ ಹಾಲು ಆಗಲೇ ಮುಂದೆ ಹೋಗಿರುತ್ತೆ. ಸಾಂಬಾರು ಬಡಿಸಿದ ಮೇಲೆ ಉಪ್ಪು ನೋಡಿದಂಗೆ. ಹಾಗಾಗಿ ಮೊದಲು ಹಾಲಿನ ಹರಿವಿಗೆ ತಕ್ಕಂತೆ ಸುಣ್ಣದ ಪಾಲು, ಅದರ ಮೇಲೆ ಪಿಎಚ್ ನೋಡಿ ಚಿಕ್ಕ ತಿದ್ದುಪಡಿ. ಮೀಟರಿನ ತುದಿಗೆ ಗಸಿ ಹತ್ತಿದ್ರೆ ಅದೂ ಸುಳ್ಳು ಹೇಳುತ್ತೆ. ಅದನ್ನ ತೊಳೆಯೋ ಹುಡುಗನೂ ಈ ರಚನೆಯ ಭಾಗವೇ.

ಎಲ್ಲಕ್ಕೂ ಒಂದೇ ಮೆದುಳು ಹಾಕಿದ್ರೆ?

ಈಗಿನ ಕಂಟ್ರೋಲ್ ರೂಮಿನ ಡಿಸಿಎಸ್ ವ್ಯವಸ್ಥೆ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ, ಅಮೆರಿಕದ ಹನಿವೆಲ್ ಮತ್ತು ಜಪಾನಿನ ಯೊಕೊಗಾವಾ ಕಂಪನಿಗಳಿಂದ. ಅದಕ್ಕೂ ಮೇಲೆ, ಮುಂದೆ ಏನಾಗಬಹುದು ಅಂತ ಲೆಕ್ಕ ಹಾಕಿ ಹತ್ತಾರು ವಾಲ್ವ್‌ಗಳನ್ನ ಒಟ್ಟಿಗೆ ನಡೆಸೋ ವಿಧಾನ 1970ರ ದಶಕದಲ್ಲಿ ಪೆಟ್ರೋಲ್ ರಿಫೈನರಿಗಳಲ್ಲಿ ಶುರುವಾಯ್ತು. ಅಲ್ಲಿ ಅದು ದುಡ್ಡು ಉಳಿಸಿದೆ ಅನ್ನೋದು ನಿಜ.

ಆದ್ರೆ ಆ ಮೆದುಳಿಗೆ ಕಾರ್ಖಾನೆಯ ನಕಲು ಲೆಕ್ಕ ಬೇಕು, ಯಂತ್ರ ಹಳೇದಾದಂಗೆ ಆ ಲೆಕ್ಕ ತಿದ್ದಬೇಕು. ತಿದ್ದೋ ಎಂಜಿನಿಯರ್ ಕೆಲಸ ಬಿಟ್ಟು ಹೋದ್ರೆ ಆಪರೇಟರ್ ಅದನ್ನ ಆಫ್ ಮಾಡಿ ಕೈಯಲ್ಲೇ ನಡೆಸ್ತಾನೆ. ಅವನಿಗೆ ಅರ್ಥ ಆಗದ ವ್ಯವಸ್ಥೆಯನ್ನ ರಾತ್ರಿ 2 ಗಂಟೆಗೆ ಅವನು ನಂಬಲ್ಲ, ನಂಬಬೇಕು ಅಂತ ಹೇಳೋದೂ ಸರಿಯಲ್ಲ.

1993ರಲ್ಲಿ ಈಸ್ಟ್‌ಮನ್ ಕಂಪನಿಯ ಡೌನ್ಸ್ ಮತ್ತು ವೋಗೆಲ್ ಒಂದು ರಾಸಾಯನಿಕ ಕಾರ್ಖಾನೆಯ ಕಂಪ್ಯೂಟರ್ ಮಾದರಿ ಮಾಡಿ ಎಲ್ಲರಿಗೂ ಸವಾಲು ಹಾಕಿದ್ರು. 41 ಅಳತೆ, 12 ಹಿಡಿಕೆ, ಹೇಗೆ ಜೋಡಿಸ್ತೀರಿ ಅಂತ. ಅಂದಿನಿಂದ ಅದಕ್ಕೆ ಬೇರೆ ಬೇರೆ ರಚನೆಗಳು ಬಂದಿವೆ, ಹಲವು ಚೆನ್ನಾಗೇ ನಡೀತವೆ. ಅಂದ್ರೆ ಇದೊಂದೇ ಸರಿ ಅನ್ನೋ ಉತ್ತರ ಇಲ್ಲ.

ನಾರ್ವೆಯ ಪ್ರೊಫೆಸರ್ ಸ್ಕೋಗೆಸ್ಟಾಡ್ 2000ದ ಹೊತ್ತಿಗೆ ಹೇಳಿದ ಮಾತು ನನಗೆ ಇಷ್ಟ ಆಯ್ತು. ಪ್ರತಿ ಕ್ಷಣ ಲಾಭ ಲೆಕ್ಕ ಹಾಕೋ ಬದಲು, ಯಾವುದನ್ನ ಸ್ಥಿರವಾಗಿ ಹಿಡಿದ್ರೆ ಲಾಭ ತಾನಾಗೇ ಹತ್ತಿರ ಉಳಿಯುತ್ತೋ ಅದನ್ನ ಹುಡುಕಿ ಹಿಡೀರಿ ಅನ್ನೋದು ಅವರ ಸಿದ್ಧಾಂತದ ಸಾರ. ಬಾಯ್ಲರ್ ಹೊಗೆಯಲ್ಲಿ ಉಳಿಯೋ ಆಮ್ಲಜನಕ ಅಂಥದ್ದು. ಅದನ್ನ ಹದದಲ್ಲಿ ಇಟ್ರೆ ಸಿಪ್ಪೆ ಪೂರ್ತಿ ಉರಿಯುತ್ತೆ, ಬಿಸಿ ಸುಮ್ಮನೆ ಚಿಮಣಿಗೆ ಹೋಗಲ್ಲ.

ನಡೆಸೋನು ಬೇರೆ, ಕಾಯೋನು ಬೇರೆ

ಕೊನೆಯ ನಿಯಮದಲ್ಲಿ ರಾಜಿ ಇಲ್ಲ. ದಿನಾ ನಡೆಸೋ ಮೀಟರ್ ಮತ್ತು ಅಪಾಯದಲ್ಲಿ ನಿಲ್ಲಿಸೋ ಮೀಟರ್ ಎರಡೂ ಒಂದೇ ಆಗಿರಬಾರದು. ಒಂದೇ ಆದ್ರೆ, ಅದು ಸುಳ್ಳು ಹೇಳಿದ ದಿನ ಇಬ್ಬರೂ ಕುರುಡರು.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿಯಲ್ಲಿ 15 ಜನ ಸತ್ರು, 180 ಜನ ಗಾಯಗೊಂಡ್ರು. ಒಂದು ಎತ್ತರದ ಗೋಪುರಕ್ಕೆ ಎಣ್ಣೆ ತುಂಬ್ತಾನೇ ಹೋಯ್ತು. ಮಟ್ಟದ ಮೀಟರ್ ಅಳೆಯೋದು ತಳದ ಕೆಲವು ಅಡಿ ಮಾತ್ರ. ಎಣ್ಣೆ ಅದಕ್ಕಿಂತ ಎಷ್ಟೋ ಮೇಲೆ ಹೋದ ಮೇಲೂ ಅದು, ಮಟ್ಟ ನಿಧಾನಕ್ಕೆ ಇಳೀತಿದೆ ಅಂತ ತೋರಿಸ್ತಿತ್ತು. ಬೇರೆಯಾಗಿ ಇಟ್ಟಿದ್ದ ಎಚ್ಚರಿಕೆಯ ಅಲಾರಂ ಕೂಗಲೇ ಇಲ್ಲ.

ಬಾಯ್ಲರ್ ಟ್ರಿಪ್ ಆದ್ರೆ ನಮಗೆಲ್ಲಾ ಸಿಟ್ಟು ಬರುತ್ತೆ. ಆದ್ರೆ ನೀರು ಕಡಿಮೆ ಆದಾಗ ಟ್ರಿಪ್ ಆಗಿದ್ದು ಕಾಯೋನು ತನ್ನ ಕೆಲಸ ಮಾಡಿದ್ದು. ಟ್ರಿಪ್ ತಪ್ಪಿಸೋಕೆ ಆ ಸ್ವಿಚ್ಚನ್ನೇ ಬೈಪಾಸ್ ಮಾಡೋದು, ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿ ಮಲಗಿದಂಗೆ. ಗೇಟ್ ಮುಂದೆ ನಿಂತು "ಏನಾದ್ರೂ ಮಾಡಿ, ಬೇಗ ಶುರು ಮಾಡಿ" ಅಂತ ನಾವು ಕೂಗುವಾಗ ಇದು ನೆನಪಿರಬೇಕು.

ನಮಗೇನು ಲೆಕ್ಕ?

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂ. ಅದರ ಮೇಲೆ ಪ್ರತಿ ಶೇ. 0.1 ಇಳುವರಿಗೆ 3.46 ರೂ. ಹೆಚ್ಚು. ಟನ್‌ಗೆ 34 ರೂ. 60 ಪೈಸೆ. 50 ಟನ್ ಕಬ್ಬು ಹಾಕಿದವರಿಗೆ 1,730 ರೂ. ವ್ಯತ್ಯಾಸ.

ಇಳುವರಿ ಮುಖ್ಯವಾಗಿ ಕಬ್ಬಿನ ತಳಿ, ವಯಸ್ಸು, ಕಟಾವಾಗಿ ಎಷ್ಟು ಹೊತ್ತಾಯ್ತು ಅನ್ನೋದರ ಮೇಲೆ ನಿಂತಿದೆ, ಸರಿ. ಆದ್ರೆ ಕಾರ್ಖಾನೆ ಲೆಕ್ಕದಲ್ಲಿ ಸಿಪ್ಪೆಯ ನಷ್ಟ, ಮಡ್ಡಿಯ ನಷ್ಟ, ಕಾಕಂಬಿಯ ನಷ್ಟ ಆದ ಮೇಲೆ 'ಪತ್ತೆಯಾಗದ ನಷ್ಟ' ಅಂತ ಒಂದು ಸಾಲು ಇರುತ್ತೆ. ಉಕ್ಕಿ ಹೋದ ಹಾಲು, ಹುಳಿಯಲ್ಲಿ ಒಡೆದ ಸಕ್ಕರೆ ಸೇರೋದು ಅಲ್ಲಿಗೇ. ಗೇಟ್ ಮುಂದೆ ಒಣಗೋ ಕಬ್ಬಿನ ತೂಕವಂತೂ ಯಾವ ಸಾಲಿಗೂ ಬರಲ್ಲ, ನೇರ ರೈತರ ಜೇಬಿಂದಲೇ.

ಹಾಗಾಗಿ ಮುಂದಿನ ಸಲ ಸಭೆಯಲ್ಲಿ ಮೈಕ್ ಸಿಕ್ಕಿದ್ರೆ ಈ ಐದು ಪ್ರಶ್ನೆ ಕೇಳಿ:

1. ಈ ಹಂಗಾಮಿನಲ್ಲಿ ಬಾಯ್ಲರ್ ಎಷ್ಟು ಸಲ ಟ್ರಿಪ್ ಆಯ್ತು, ಪ್ರತಿ ಸಲ ಮೊದಲು ಯಾವ ಮೀಟರ್ ಕೂಗಿತು?

2. ಡ್ರಮ್ ಮಟ್ಟ ಮೂರು ಅಂಶದಲ್ಲಿ ನಡೀತಿದೆಯಾ, ಒಂದರಲ್ಲೇ ಉಳಿದಿದೆಯಾ?

3. ಎಷ್ಟು ಲೂಪ್ ಆಟೋದಲ್ಲಿವೆ, ಎಷ್ಟು ಕೈಯಲ್ಲಿ ನಡೀತಿವೆ?

4. ಹಾಲಿನ ಟ್ಯಾಂಕ್ ತುಂಬಿದ್ರೆ ಕಬ್ಬಿನ ಕ್ಯಾರಿಯರ್ ತಾನಾಗೇ ನಿಧಾನ ಆಗುತ್ತಾ?

5. ಸುರಕ್ಷತೆಯ ಸ್ವಿಚ್‌ಗಳು ಬೇರೆ ಇವೆಯಾ, ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ?

ಇವಕ್ಕೆ ಉತ್ತರ ಕೊಡೋಕೆ ಕೋಟಿ ರೂಪಾಯಿ ಯಂತ್ರ ಬೇಡ, ಒಂದು ರಿಜಿಸ್ಟರ್ ಪುಸ್ತಕ ಸಾಕು. ಹೊಸ ಕಂಪ್ಯೂಟರ್ ತರಿಸ್ತೀವಿ ಅಂತ ಯಾರಾದ್ರೂ ಭಾಷಣ ಮಾಡಿದ್ರೆ, ಮೊದಲು ಇದಕ್ಕೆ ಉತ್ತರ ಕೊಡಿ ಅನ್ನಿ.

ಟೀ ಅಂಗಡಿಯವರಿಗೆ ಮೊನ್ನೆ ಉಕ್ಕೋ ಹಾಲಿನ ಉದಾಹರಣೆ ಹೇಳಿದೆ. ಪಾತ್ರೆ ಕೆಳಗಿನ ಉರಿ ಸಣ್ಣ ಮಾಡ್ತಾ, ಇದು ನನಗೆ ಮೊದಲೇ ಗೊತ್ತಿತ್ತಲ್ಲ ಅಂದ್ರು. ಹೌದು, ಗೊತ್ತಿತ್ತು. ಕೇಳಬಹುದು ಅಂತ ಗೊತ್ತಿರಲಿಲ್ಲ, ಅಷ್ಟೇ.